ಮೂರ್ಛೆರೋಗಕ್ಕೆ ಮುಚ್ಚುಮರೆ ಏಕೆ?

ಸೋದರಿಯರೇ, ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಊರಿಗೆಲ್ಲ ಹೇಳುತ್ತೇವೆ. ಫಿಟ್ಸ್ ಬರುತ್ತದೆ ಎಂದಾದರೆ ಮಾತ್ರ ಸ್ವರ ತಗ್ಗುತ್ತದೆ. "ಯಾರತ್ರೂ ಹೇಳ್ಬೇಡಿ, ಹೆಣ್ಣಿಗೆ ಮದಿ ಆತಿಲ್ಲೆ" ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹರಕೆ ಹೇಳಿಕೊಳ್ಳುತ್ತೇವೆ, ನೂಲು ಕಟ್ಟಿಸುತ್ತೇವೆ, ಡಾಕ್ಟರ ಹತ್ತಿರ ಹೋಗುವುದು ಕಡೆಗೆ. ದೇವರಿಗೆ ಕೈಮುಗಿಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಔಷಧಿಯನ್ನು ತಡಮಾಡಬಾರದು.

ಮೂರ್ಛೆರೋಗವೆಂದರೆ ಹುಚ್ಚಲ್ಲ, ಗಾಳಿ ಸೋಂಕಿದ್ದಲ್ಲ, ಮುಟ್ಟಿದರೆ ಅಂಟುವುದೂ ಅಲ್ಲ. ನಮ್ಮ ಮಿದುಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತದೆ. ಯಾವಾಗಲಾದರೂ ಆ ವಿದ್ಯುತ್ತು ಒಮ್ಮೆಲೇ ಅಂಕೆ ತಪ್ಪಿ ಹರಿದರೆ ಅದೇ ಫಿಟ್ಸ್. ಒಂದು ಸಲ ಬಂದ ಮಾತ್ರಕ್ಕೆ ಅದು ಮೂರ್ಛೆರೋಗ ಆಗಲೇಬೇಕೆಂದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರ ಏರಿದಾಗ ಬರುವ ಫಿಟ್ಸ್ ಬೇರೆಯೇ. ಅದು ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾದಂತೆ ನಿಂತುಹೋಗುತ್ತದೆ. ಆದರೂ ಮೊದಲ ಸಲ ಬಂದಾಗ ಡಾಕ್ಟರಿಗೆ ತೋರಿಸಲೇಬೇಕು.

ಎಲ್ಲ ಫಿಟ್ಸ್ ಒಂದೇ ಅಲ್ಲ

ಬಿದ್ದು, ಕೈಕಾಲು ಸೆಟೆದು, ಅದುರಿ, ಬಾಯಲ್ಲಿ ನೊರೆ ಬರುವುದನ್ನು ಮಾತ್ರ ನಾವು ಫಿಟ್ಸ್ ಎನ್ನುತ್ತೇವೆ. ಬೇರೆ ಬಗೆಗಳೂ ಇವೆ.

ಶಾಲೆಯ ಮಗು ಪಾಠ ಕೇಳುತ್ತಾ ಇದ್ದ ಹಾಗೇ ಕೆಲವು ಸೆಕೆಂಡು ಕಲ್ಲಿನಂತೆ ನಿಂತು, ಕಣ್ಣು ನೆಟ್ಟು, ಮತ್ತೆ ಏನೂ ಆಗದವರ ಹಾಗೆ ಬರೆಯತೊಡಗುತ್ತದೆ. ದಿನಕ್ಕೆ ಎಷ್ಟೋ ಸಲ ಹೀಗಾಗಬಹುದು. ಟೀಚರು "ಗಮನ ಇಲ್ಲ" ಎಂದು ಬೈಯುತ್ತಾರೆ, ಮನೆಯಲ್ಲಿ ನಾವೂ ಬೈಯುತ್ತೇವೆ. ಪಾಪ, ಮಗುವಿಗೆ ಅದು ಗೊತ್ತೇ ಇರುವುದಿಲ್ಲ.

ಹರೆಯದ ಹುಡುಗ ಹುಡುಗಿಯರಿಗೆ ಬೆಳಿಗ್ಗೆ ಎದ್ದ ಕೂಡಲೇ ಕೈ ಜಿಗಿದು ಕಾಫಿ ಲೋಟ ಹಾರಿ ಬೀಳುವುದುಂಟು. ನಿದ್ದೆಗೆಟ್ಟ ಮರುದಿನ ಇದು ಹೆಚ್ಚು. ಹಾಗಾಗಿ ಈ ರೋಗ ಇರುವವರು ಬೆಳಗಾಗುವವರೆಗೆ ಯಕ್ಷಗಾನ ಬಯಲಾಟ ನೋಡುವುದು ಒಳ್ಳೆಯದಲ್ಲ.

ಇನ್ನು ಕೆಲವರಿಗೆ ಒಂದು ಕೈ ಮಾತ್ರ ಅದುರುತ್ತದೆ. ಕೆಲವರು ಎಚ್ಚರ ಇದ್ದ ಹಾಗೇ ಕಾಣುತ್ತಾರೆ, ಆದರೆ ಬಾಯಿ ಚಪ್ಪರಿಸುತ್ತಾ, ಸೀರೆಯ ಸೆರಗು ಹಿಂಡುತ್ತಾ, ಕರೆದರೆ ಓಗೊಡದೆ ಇರುತ್ತಾರೆ. "ಮೈಮೇಲೆ ಬಂತ್" ಎಂದು ಜನ ಹೇಳುವುದು ಕೆಲವೊಮ್ಮೆ ಇದನ್ನೇ.

ಬಿಸಿನೀರಿನ ಮೂರ್ಛೆ

ನಮ್ಮ ಕರ್ನಾಟಕದವರು ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ಬಗೆ ಇದೆ. ತಲೆಯ ಮೇಲೆ ಚೊಂಬು ಚೊಂಬು ಬಿಸಿನೀರು ಹೊಯ್ದುಕೊಳ್ಳುವಾಗಲೇ ಬರುವ ಫಿಟ್ಸ್. ಬೇರೆ ದೇಶಗಳಲ್ಲಿ ಇದು ತೀರಾ ಅಪರೂಪ, ದಕ್ಷಿಣ ಭಾರತದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು. ಮುಂದೆ ನಿಮ್ಹಾನ್ಸ್‌ನ ಡಾಕ್ಟರುಗಳು ಬಹಳಷ್ಟು ಅಧ್ಯಯನ ಮಾಡಿದ್ದಾರೆ.

ನಮ್ಮ ಎಣ್ಣೆಸ್ನಾನ ಹೇಗೆಂದು ನಿಮಗೆ ಗೊತ್ತೇ ಇದೆ. ಹಂಡೆ ತುಂಬ ಕುದಿಯುವ ನೀರು, ಮಗುವನ್ನು ಕೂರಿಸಿ ತಲೆಗೆ ಸುಡುಸುಡು ಹೊಯ್ಯುವುದು. ಮಗು ಆಗ ದಿಟ್ಟಿಸಿ ನೋಡುತ್ತಾ ಏನೇನೋ ಮಾತಾಡಿದರೆ, ಇಲ್ಲವೇ ನಿಲ್ಲಿಸದೆ ತಾನೇ ನೀರು ಹೊಯ್ದುಕೊಳ್ಳುತ್ತಲೇ ಇದ್ದರೆ, ಹಟವೆಂದು ಹೊಡೆಯಬೇಡಿ. ಡಾಕ್ಟರಿಗೆ ಹೇಳಿ. ಉಗುರುಬೆಚ್ಚಗಿನ ನೀರು ಸಾಕು. ಮೈ ಬೇರೆ, ತಲೆ ಬೇರೆ ತೊಳೆಯಿರಿ. ಎಷ್ಟೋ ಜನರಿಗೆ ಇಷ್ಟರಿಂದಲೇ ಕಡಿಮೆಯಾಗುತ್ತದೆ. ಬೇಕಾದರೆ ಸ್ನಾನಕ್ಕೆ ಮೊದಲು ತೆಗೆದುಕೊಳ್ಳುವ ಮಾತ್ರೆಯನ್ನು ಡಾಕ್ಟರೇ ಬರೆದುಕೊಡುತ್ತಾರೆ.

ಫಿಟ್ಸ್ ಬಂದಾಗ ಏನು ಮಾಡಬೇಕು?

1. ಗಡಿಯಾರ ನೋಡಿ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ.
2. ಒಲೆ, ಕತ್ತಿ, ಬಾವಿಕಟ್ಟೆಯಿಂದ ದೂರ ಮಾಡಿ. ತಲೆಯಡಿಗೆ ಮಡಿಸಿದ ಬಟ್ಟೆ ಇಡಿ. ಕುತ್ತಿಗೆಯ ಗುಂಡಿ ಸಡಿಲಿಸಿ.
3. ಅದುರುವುದು ನಿಂತ ಮೇಲೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ.
4. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಕೈಗೆ ಬೀಗದಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಕೈಕಾಲು ಒತ್ತಿ ಹಿಡಿಯಬೇಡಿ.
5. ಐದು ನಿಮಿಷ ದಾಟಿದರೆ, ಎಚ್ಚರ ಬಾರದೆ ಮತ್ತೆ ಬಂದರೆ, ಬಸುರಿಯಾದರೆ, ನೀರಿನಲ್ಲಿ ಬಂದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಮದುವೆ, ಬಸಿರು

ನನಗೆ ಗೊತ್ತಿರುವ ಒಬ್ಬ ಹುಡುಗಿ ಮಾತ್ರೆ ತೆಗೆದುಕೊಂಡು ನಾಲ್ಕು ವರ್ಷ ಚೆನ್ನಾಗಿದ್ದಳು. ಗಂಡನ ಮನೆಯವರಿಗೆ ಹೇಳದೆ ಮದುವೆ ಮಾಡಿದರು. ಅಲ್ಲಿ ಮಾತ್ರೆ ಕಂಡರೆ ಏನೆಂದುಕೊಳ್ಳುವರೋ ಎಂದು ಅವಳು ತಿನ್ನುವುದನ್ನೇ ಬಿಟ್ಟಳು. ಒಂದು ತಿಂಗಳಲ್ಲಿ ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಳು. ಅವಳ ಕೈ ಸುಟ್ಟದ್ದು ರೋಗದಿಂದಲೋ, ಮುಚ್ಚುಮರೆಯಿಂದಲೋ ನೀವೇ ಹೇಳಿ. ಈಗ ಅತ್ತೆಯೇ ರಾತ್ರಿ ನೆನಪಿಸಿ ಮಾತ್ರೆ ಕೊಡುತ್ತಾರಂತೆ.

ಕಾನೂನು ಕೂಡ ಬದಲಾಗಿದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಿದರು. ಮೂರ್ಛೆರೋಗ ಇರುವವರು ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು, ಹಾಲೂಡಿಸಬಹುದು. ಆದರೆ ಬಸಿರು ನಿಲ್ಲುವ ಮೊದಲೇ ಡಾಕ್ಟರ ಸಲಹೆ ಬೇಕು. ವ್ಯಾಲ್‌ಪ್ರೋಯೇಟ್ ಎಂಬ ಔಷಧಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುವ ಸಂಭವ ಹೆಚ್ಚು, ಅದನ್ನು ಮೊದಲೇ ಬದಲಿಸಬೇಕಾಗಬಹುದು. ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಡುತ್ತಾರೆ. ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಔಷಧಿಗಳು ಗರ್ಭನಿರೋಧಕ ಗುಳಿಗೆಯ ಬಲ ಕಡಿಮೆ ಮಾಡುತ್ತವೆ, ಇದನ್ನೂ ಕೇಳಿ ತಿಳಿಯಿರಿ. ಹೆದರಿ ನೀವಾಗಿಯೇ ಮಾತ್ರೆ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ.

ಸರಿಯಾದ ಔಷಧಿ ಸಿಕ್ಕಿದರೆ ಹತ್ತರಲ್ಲಿ ಏಳು ಜನರಿಗೆ ಫಿಟ್ಸ್ ನಿಲ್ಲಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಬಾರದೆ ಇದ್ದ ಮೇಲಷ್ಟೇ ಮಾತ್ರೆ ಇಳಿಸುವ ಯೋಚನೆ, ಅದೂ ಡಾಕ್ಟರೇ ನಿಧಾನವಾಗಿ ಇಳಿಸಬೇಕು. ಅಲ್ಲಿಯವರೆಗೆ ಒಬ್ಬರೇ ಬಾವಿ, ಹೊಳೆ, ಕಡಲಿಗೆ ಇಳಿಯುವುದು, ತೆಂಗಿನ ಮರ ಹತ್ತುವುದು ಬೇಡ. ಮೀಯುವಾಗ ಬಚ್ಚಲಿಗೆ ಚಿಲಕ ಹಾಕುವುದು ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಫಿಟ್ಸ್ ಕಣ್ಣಾರೆ ಕಂಡವರೇ ಜೊತೆಗೆ ಹೋಗಿ. ಯಾವ ಹೊತ್ತಿಗೆ ಬಂತು, ಎಷ್ಟು ನಿಮಿಷ, ಮೊದಲು ಯಾವ ಕೈ ಅದುರಿತು, ಹಿಂದಿನ ರಾತ್ರಿ ನಿದ್ದೆ ಇತ್ತೋ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದರೆ ಇನ್ನೂ ಒಳ್ಳೆಯದು. ತಲೆಗೆ ತಂತಿ ಅಂಟಿಸಿ ಮಾಡುವ ಇ.ಇ.ಜಿ. ಪರೀಕ್ಷೆಯಲ್ಲಿ ನೋವಿಲ್ಲ, ಶಾಕ್ ಕೊಡುವುದಿಲ್ಲ. ಆದರೆ ಫಿಟ್ಸ್ ಯಾವ ಬಗೆಯದೆಂದು ತಿಳಿಯಲು ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಮನೆಯವರು ಕಂಡದ್ದನ್ನು ಮುಚ್ಚಿಡದೆ ಹೇಳುವ ಮಾತು.