ಕುರಿಮಂದೆಯಲ್ಲಿ ಕುಂಟು: ಕಾರಣಗಳು, ಚಿಕಿತ್ಸೆ ಮತ್ತು ತಡೆ

2019ರಲ್ಲಿ ನಡೆದ 20ನೆಯ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿದ್ದ ಕುರಿಗಳ ಸಂಖ್ಯೆ ಸುಮಾರು 7.43 ಕೋಟಿ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತೆಲಂಗಾಣ, ಆಂಧ್ರಪ್ರದೇಶ ಮತ್ತು ಕರ್ನಾಟಕ ರಾಜ್ಯಗಳಲ್ಲಿದ್ದವು. ದಖ್ಖನ್ ಪ್ರಸ್ಥಭೂಮಿಯ ಒಣ ಪ್ರದೇಶಗಳಲ್ಲಿ ಕುರಿ ಸಾಕಣೆಯೆಂದರೆ ಬಹುಮಟ್ಟಿಗೆ ನಡಿಗೆಯ ಕಸುಬು. ಮೇವು ನೀರುಗಳನ್ನು ಅರಸಿ ಮಂದೆಗಳು ಊರಿಂದೂರಿಗೆ ಸಾಗುತ್ತವೆ. ಮಹಾರಾಷ್ಟ್ರದ ಧನಗರರು ಮಳೆಗಾಲ ಮುಗಿದ ಮೇಲೆ ಘಟ್ಟ ಇಳಿದು ಕೊಂಕಣದತ್ತ ಹೋಗಿ, ಮುಂದಿನ ಮುಂಗಾರಿಗೆ ಮೊದಲು ಹಿಂದಿರುಗುತ್ತಾರೆ. ಹೀಗೆ ನಡೆದೇ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಪ್ರಾಣಿಗೆ ಕಾಲೇ ಆಧಾರ.

ಕುಂಟುವ ಕುರಿ ಮಂದೆಯಿಂದ ಹಿಂದೆ ಬೀಳುತ್ತದೆ. ಸಾಕಷ್ಟು ಮೇಯಲಾರದೆ ದಿನೇ ದಿನೇ ಸೊರಗುತ್ತದೆ. ತಾಯಿಕುರಿಯ ಹಾಲು ಕಡಿಮೆಯಾಗಿ ಮರಿಗಳು ಬಡವಾಗುತ್ತವೆ. ಟಗರು ಕುಂಟಿದರೆ ಗರ್ಭ ಕಟ್ಟುವ ಕುರಿಗಳ ಸಂಖ್ಯೆಯೇ ಇಳಿಯಬಹುದು. ಆದುದರಿಂದ ಕುಂಟನ್ನು ಅಲ್ಪ ತೊಂದರೆಯೆಂದು ಅಲಕ್ಷಿಸುವುದು ಸರಿಯಲ್ಲ.

ಗೊರಸು ಕೊಳೆ ರೋಗ

ಮಂದೆಯಲ್ಲಿ ಅನೇಕ ಕುರಿಗಳು ಒಟ್ಟಿಗೆ ಕುಂಟಲು ಮುಖ್ಯ ಕಾರಣಗಳಲ್ಲಿ ಒಂದು ಗೊರಸು ಕೊಳೆ ರೋಗ. ಡೈಕೆಲೊಬ್ಯಾಕ್ಟರ್ ನೊಡೋಸಸ್ ಎಂಬ ಸೂಕ್ಷ್ಮಾಣು ಇದಕ್ಕೆ ಮೂಲ. ಸಗಣಿ ಹಿಕ್ಕೆಗಳಲ್ಲಿರುವ ಫ್ಯೂಸೊಬ್ಯಾಕ್ಟೀರಿಯಮ್ ಎಂಬ ಇನ್ನೊಂದು ಸೂಕ್ಷ್ಮಾಣು ಇದಕ್ಕೆ ನೆರವಾಗುತ್ತದೆ. ಸತತವಾಗಿ ಕೆಸರಿನಲ್ಲಿ ನಿಂತ ಕುರಿಯ ಗೊರಸುಗಳ ನಡುವಣ ಚರ್ಮವು ಮೆತ್ತಗಾಗಿ ಬಿರಿದಾಗ ಇವು ಒಳಸೇರುತ್ತವೆ. ಮೊದಲು ಆ ಚರ್ಮ ಕೆಂಪಾಗಿ ಒದ್ದೆಯಾಗುತ್ತದೆ. ಅನಂತರ ಗೊರಸಿನ ಅಂಗಾಲು ಒಳಗಿನ ಮಾಂಸದಿಂದ ಕಳಚಿಕೊಳ್ಳತೊಡಗುತ್ತದೆ. ಕೊಳೆತ ದುರ್ವಾಸನೆ ಬರುತ್ತದೆ. ನೋವು ತಾಳಲಾರದೆ ಕುರಿಯು ಮುಂಗಾಲುಗಳ ಮಂಡಿಯೂರಿ ಮೇಯುವುದೂ ಉಂಟು.

ಈ ರೋಗಾಣು ಮಣ್ಣಿನಲ್ಲಿ ಸಾಮಾನ್ಯವಾಗಿ ಒಂದೆರಡು ವಾರಗಳಿಗಿಂತ ಹೆಚ್ಚು ಕಾಲ ಬದುಕುಳಿಯದು. ಆದರೆ ಸೋಂಕಿದ ಗೊರಸಿನ ಸಂದುಗಳಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು. ಆದ್ದರಿಂದ ರೋಗದ ನಿಜವಾದ ಆಶ್ರಯ ಕುಂಟುವ ಕುರಿಯೇ ಆಗಿದೆ. ಅದನ್ನು ಬೇಗ ಗುಣಪಡಿಸಿದಷ್ಟೂ ಮಂದೆಯ ಉಳಿದ ಕುರಿಗಳು ಕ್ಷೇಮವಾಗಿರುತ್ತವೆ.

ಇತರ ಕಾರಣಗಳು

ಎಲ್ಲ ಕುಂಟೂ ಗೊರಸು ಕೊಳೆ ರೋಗವಲ್ಲ. ಚಿಕಿತ್ಸೆಗೆ ಮುನ್ನ ಈ ಕೆಳಗಿನ ಕಾರಣಗಳನ್ನೂ ಪರಿಶೀಲಿಸಬೇಕು:

1. ಮುಳ್ಳು ಮತ್ತು ಗಾಯ: ಒಂದೇ ಕುರಿ, ಒಂದೇ ಕಾಲಿನಲ್ಲಿ ಥಟ್ಟನೆ ಕುಂಟತೊಡಗಿದರೆ ಜಾಲಿಮುಳ್ಳು, ಕಲ್ಲುಚೂರು ಅಥವಾ ಗಾಜಿನ ಚೂರು ಚುಚ್ಚಿದೆಯೇ ಎಂದು ಮೊದಲು ನೋಡಬೇಕು.

2. ಕಾಲುಬಾಯಿ ಜ್ವರ: ಕುರಿಗಳಲ್ಲಿ ಬಾಯಿಯ ಹುಣ್ಣುಗಳು ಚಿಕ್ಕವಾಗಿದ್ದು ಬೇಗ ಮಾಯುವುದರಿಂದ ಗಮನಕ್ಕೆ ಬಾರದೆ ಹೋಗಬಹುದು. ಅನೇಕ ಕುರಿಗಳು ಒಮ್ಮೆಲೇ ಕುಂಟುವುದೇ ಇದರ ಮೊದಲ ಸೂಚನೆಯಾಗಿರಬಹುದು.

3. ನೀಲಿ ನಾಲಿಗೆ ರೋಗ: ಇದು ಸಣ್ಣ ನುಸಿಗಳ ಕಡಿತದಿಂದ ಹರಡುವ ವೈರಾಣು ರೋಗ. ದಕ್ಷಿಣದ ರಾಜ್ಯಗಳಲ್ಲಿ ಮಳೆಯ ನಂತರದ ದಿನಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಜ್ವರ, ಮುಖದ ಬಾವು, ಮೂಗಿನಿಂದ ಸಿಂಬಳ ಮತ್ತು ಗೊರಸಿನ ಮೇಲಂಚಿನ ಕೆಂಪು ಇದರ ಲಕ್ಷಣಗಳು.

4. ಮರಿಗಳ ಕೀಲುಬಾವು: ಹುಟ್ಟಿದಾಗ ಹಸಿ ಹೊಕ್ಕುಳಿನ ಮೂಲಕ ಸೋಂಕು ಒಳಸೇರಿ ಕೀಲುಗಳು ಊದಿಕೊಳ್ಳುತ್ತವೆ. ಮರಿ ಹುಟ್ಟಿದೊಡನೆ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಒಣಗಿದ ಜಾಗದಲ್ಲಿ ಮಲಗಿಸಿದರೆ ಇದನ್ನು ಬಹಳಮಟ್ಟಿಗೆ ತಡೆಯಬಹುದು.

ಚಿಕಿತ್ಸೆ

ಬೆಳಿಗ್ಗೆ ರೊಪ್ಪದಿಂದ ಕುರಿಗಳನ್ನು ಹೊರಬಿಡುವಾಗ ಅವುಗಳ ನಡಿಗೆಯನ್ನು ಗಮನಿಸುವುದು ಉತ್ತಮ ಅಭ್ಯಾಸ. ತಲೆ ಜಗ್ಗುತ್ತ ನಡೆಯುವ, ಕಾಲು ಊರಲು ಹಿಂಜರಿಯುವ ಕುರಿಯನ್ನು ಅಂದೇ ಹಿಡಿದು ಪರೀಕ್ಷಿಸಬೇಕು. ಗೊರಸು ಕೊಳೆ ರೋಗವೆಂದು ಖಚಿತವಾದಲ್ಲಿ, ಪಶುವೈದ್ಯರ ಸಲಹೆಯಂತೆ ದೀರ್ಘಕಾಲ ಕೆಲಸ ಮಾಡುವ ಪ್ರತಿಜೀವಕದ ಚುಚ್ಚುಮದ್ದು ಕೊಡಿಸುವುದು ಪರಿಣಾಮಕಾರಿ. ಕುಂಟು ಕಂಡ ಮೂರು ದಿನಗಳೊಳಗೆ ಈ ಚಿಕಿತ್ಸೆ ದೊರೆತರೆ ಕುರಿ ಬೇಗ ಚೇತರಿಸಿಕೊಳ್ಳುತ್ತದೆ, ರೋಗ ಹರಡುವುದೂ ತಗ್ಗುತ್ತದೆ. ಔಷಧಿಯ ಅಂಶ ದೇಹದಿಂದ ಹೋಗುವವರೆಗೆ, ಅಂದರೆ ವೈದ್ಯರು ತಿಳಿಸಿದ ಅವಧಿ ಮುಗಿಯುವವರೆಗೆ, ಅಂತಹ ಕುರಿಯನ್ನು ಮಾಂಸಕ್ಕಾಗಿ ಮಾರಕೂಡದು.

ಕುಂಟುವ ಕುರಿಯ ಗೊರಸನ್ನು ರಕ್ತ ಬರುವವರೆಗೆ ಕತ್ತರಿಸುವ ರೂಢಿ ಹಲವೆಡೆ ಇದೆ. ಇದರಿಂದ ಗುಣವಾಗುವುದು ತಡವಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಕತ್ತರಿಗೆ ಅಂಟಿದ ರೋಗಾಣು ಮುಂದಿನ ಕುರಿಗೆ ದಾಟುವ ಅಪಾಯವೂ ಇದೆ. ನಡೆಯಲು ಅಡ್ಡಿಯಾಗುವಷ್ಟು ಬೆಳೆದ ಗೊರಸನ್ನು ಮಾತ್ರ, ರೋಗವಿಲ್ಲದಾಗ, ಎಚ್ಚರಿಕೆಯಿಂದ ಸವರಬೇಕು; ಪ್ರತಿ ಕುರಿಯ ಬಳಿಕ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದಿ ತೊಳೆಯಬೇಕು.

ಔಷಧಿ ನೀರಿನ ತೊಟ್ಟಿ

ಮಳೆಗಾಲದಲ್ಲಿ ಇಡೀ ಮಂದೆಯನ್ನು ಔಷಧಿ ನೀರಿನಲ್ಲಿ ನಿಲ್ಲಿಸುವುದು ಸುಲಭದ ಉಪಾಯ. ಇದಕ್ಕಾಗಿ 100 ಲೀಟರ್ ನೀರಿಗೆ 10 ಕಿಲೋಗ್ರಾಂ ಜಿಂಕ್ ಸಲ್ಫೇಟ್ ಬೆರೆಸಿ, ಗೊರಸು ಪೂರ್ತಿ ಮುಳುಗುವಷ್ಟು ಆಳಕ್ಕೆ ತೊಟ್ಟಿಯಲ್ಲಿ ತುಂಬಬೇಕು. ಕುರಿಗಳ ಕಾಲಿನ ಕೆಸರನ್ನು ಮೊದಲು ತೊಳೆದು, 10ರಿಂದ 15 ನಿಮಿಷ ಅದರಲ್ಲಿ ನಿಲ್ಲಿಸಬೇಕು. ಬಳಿಕ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಒಣ ನೆಲದ ಮೇಲೆ ಬಿಡಬೇಕು. ಕೂಡಲೇ ಕೆಸರಿಗೆ ಇಳಿಸಿದರೆ ಪಟ್ಟ ಶ್ರಮ ವ್ಯರ್ಥ. ಬಾಯಾರಿದ ಕುರಿಗಳು ಈ ನೀರನ್ನು ಕುಡಿಯಬಹುದಾದ್ದರಿಂದ ಮುಂಚೆಯೇ ಅವುಗಳಿಗೆ ನೀರು ಕುಡಿಸುವುದು ಅಗತ್ಯ. ಮೈಲುತುತ್ತದ ನೀರೂ ಬಳಕೆಯಲ್ಲಿದೆ. ಆದರೆ ತಾಮ್ರವು ಕುರಿಗಳಿಗೆ ವಿಷಕಾರಿಯಾದುದರಿಂದ ಅದರಲ್ಲಿ ವಿಶೇಷ ಎಚ್ಚರ ಬೇಕು.

ತಡೆ ಕ್ರಮಗಳು

• ರೊಪ್ಪವನ್ನು ಎತ್ತರದ, ನೀರು ನಿಲ್ಲದ ಜಾಗದಲ್ಲಿ ಹಾಕಬೇಕು. ಮಳೆಗಾಲದಲ್ಲಿ ಎರೆಭೂಮಿಯ ಕೆಸರಿನಲ್ಲಿ ಮಂದೆಯನ್ನು ಬಹುದಿನ ತರುಬಬಾರದು.

• ನೀರಿನ ತೊಟ್ಟಿಯ ಸುತ್ತಲಿನ ಕೆಸರಿಗೆ ಗರಸು ಮಣ್ಣು ಅಥವಾ ಕಲ್ಲುಪುಡಿ ಹಾಕಬೇಕು.

• ಸಂತೆಯಿಂದ ತಂದ ಕುರಿಗಳ ಗೊರಸು ಪರೀಕ್ಷಿಸಿ, ಕನಿಷ್ಠ ಮೂರು ನಾಲ್ಕು ವಾರ ಪ್ರತ್ಯೇಕವಾಗಿಡಬೇಕು.

• ಚಿಕಿತ್ಸೆಯ ಬಳಿಕವೂ ಪದೇ ಪದೇ ಕುಂಟುವ ಕುರಿಗಳನ್ನು ಮಂದೆಯಿಂದ ತೆಗೆದುಹಾಕಬೇಕು. ಅವುಗಳನ್ನು ಸಾಕಲೆಂದು ಬೇರೊಬ್ಬರಿಗೆ ಮಾರುವುದೆಂದರೆ ರೋಗವನ್ನೇ ಮಾರಿದಂತೆ.

• ಕಾಲುಬಾಯಿ ಜ್ವರದ ನಿಯಂತ್ರಣಕ್ಕಾಗಿ 2019ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನೀಲಿ ನಾಲಿಗೆ ರೋಗಕ್ಕೆ ನಮ್ಮ ದೇಶದಲ್ಲೇ ಐದು ಬಗೆಯ ವೈರಾಣುಗಳ ವಿರುದ್ಧ ಲಸಿಕೆ ಸಿದ್ಧವಾಗಿದೆ. ತಮ್ಮ ಮಂದೆಗೆ ಲಸಿಕೆ ಯಾವಾಗ ಹಾಕಿಸಬೇಕೆಂಬುದನ್ನು ಸಮೀಪದ ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು.

ಅಂಟುರೋಗದ ಸಂದೇಹ ಬಂದಾಗ ಅದನ್ನು ಮುಚ್ಚಿಡುವುದು ಅಪಾಯಕರ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆ ಸಂಬಂಧಿಸಿದ 2009ರ ಕಾಯ್ದೆಯು, ಕಾಲುಬಾಯಿ ಜ್ವರದಂತಹ ರೋಗಗಳು ಕಂಡಾಗ ಗ್ರಾಮ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸುವ ಹಾಗೂ ರೋಗಿ ಪ್ರಾಣಿಯನ್ನು ಬೇರೆಯಿಡುವ ಹೊಣೆಯನ್ನು ಸಾಕಣೆದಾರರಿಗೆ ವಹಿಸಿದೆ. ಸಂಚಾರಿ ಪಶುಚಿಕಿತ್ಸಾ ಘಟಕಗಳು ಕೆಲಸ ಮಾಡುತ್ತಿರುವ ರಾಜ್ಯಗಳಲ್ಲಿ 1962 ಎಂಬ ಶುಲ್ಕರಹಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವೈದ್ಯರ ನೆರವು ಪಡೆಯಬಹುದು. ಸ್ವಂತ ಊರಿನಿಂದ ದೂರದಲ್ಲಿ, ಬೇರೆ ಭಾಷೆಯ ಸೀಮೆಯಲ್ಲಿ ಮಂದೆ ಮೇಯಿಸುವ ಕುರಿಗಾಹಿಗಳು ಈ ಸಂಖ್ಯೆಯನ್ನು ನೆನಪಿನಲ್ಲಿಡುವುದು ಒಳಿತು.

ಒಣ ನೆಲೆ, ದಿನನಿತ್ಯದ ನಿಗಾ, ತಡಮಾಡದ ಚಿಕಿತ್ಸೆ: ಇವು ಮೂರನ್ನೂ ಪಾಲಿಸಿದಲ್ಲಿ ಬಹುಪಾಲು ಕುಂಟನ್ನು ತಡೆಯಬಹುದು. ಇವುಗಳಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಎಚ್ಚರ.