ಎಣ್ಣೆ ನಗರದ ಶೇಂಗಾ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರವೆಂದೇ ಹೆಸರು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ರೈತರು ನೆಚ್ಚಿಕೊಂಡ ಬೆಳೆ ಶೇಂಗಾ. ಅದನ್ನು ನಂಬಿಯೇ ಇಲ್ಲಿ ಎಣ್ಣೆ ಗಿರಣಿಗಳು ಎದ್ದವು.

ಗಿರಣಿಗೂ ಮೊದಲು ಗಾಣವಿತ್ತು. ಗುಡಿಯ ನಂದಾದೀಪಕ್ಕೆ ಗಾಣಕ್ಕಿಷ್ಟು ಸೊಲ್ಲಗೆ (ಹಳೆಯ ಅಳತೆ) ಎಣ್ಣೆ ಎಂದು ದತ್ತಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಬಹಳ. ಆ ಕಾಲದ ಗಾಣಗಳಿಗೆ ಶೇಂಗಾ ಗೊತ್ತಿರಲಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಬೆಳೆ ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ.

ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ. ಗಿರಣಿಯಲ್ಲಿ ಸಿಪ್ಪೆ ಸುಲಿದ ಬೀಜ ಎಕ್ಸ್‌ಪೆಲ್ಲರ್‌ಗೆ ಬೀಳುತ್ತದೆ. ಒಳಗೆ ತಿರುಗುವ ಉಕ್ಕಿನ ಸ್ಕ್ರೂ ಬೀಜವನ್ನು ಒತ್ತುತ್ತ ಹೋದಂತೆ ಸಂದುಗಳಿಂದ ಮಡ್ಡಿ ಬೆರೆತ ಬಿಸಿ ಎಣ್ಣೆ ಜಿನುಗುತ್ತದೆ, ತುದಿಯಲ್ಲಿ ಹಿಂಡಿ ಉದುರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಘಮಘಮಿಸುವ ಎಣ್ಣೆ ಸಿದ್ಧ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ದೊಡ್ಡ ಕಾರ್ಖಾನೆಗಳು ಹೆಕ್ಸೇನ್ ದ್ರಾವಕದಿಂದ ತೆಗೆಯುತ್ತವೆ. ಅದನ್ನು ರಿಫೈನ್ ಮಾಡಲೇಬೇಕು: ಕಾಸ್ಟಿಕ್ ಸೋಡಾದಿಂದ ಆಮ್ಲ, ಬಿಳಿಚಿಸುವ ಮಣ್ಣಿನಿಂದ ಬಣ್ಣ, 200 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಹಾಯಿಸುವ ಹಬೆಯಿಂದ ವಾಸನೆ ಹೋಗುತ್ತವೆ. ಶೇಂಗಾದ ಪರಿಮಳವೂ ಅದರೊಂದಿಗೇ ಹೋಗುತ್ತದೆ.

ಗಾಣದ ಎಣ್ಣೆಯೋ, ರಿಫೈನ್ಡೋ ಎಂಬ ವಾದ ಈಗ ಮನೆಮನೆಯಲ್ಲಿದೆ. ಆದರೆ ಎಣ್ಣೆಯ ಹಣೆಬರಹ ಬರೆಯುವುದು ಕಣದಲ್ಲೇ. ಕಿತ್ತ ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಮಾರಕ. ರಿಫೈನ್ ಮಾಡುವಾಗ ಸೋಡಾ ಮತ್ತು ಮಣ್ಣು ಅದನ್ನು ಬಹುಪಾಲು ತೆಗೆಯುತ್ತವೆ. ಬರೀ ಸೋಸಿದ ಎಣ್ಣೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಹೆಚ್ಚಿನ ಪಾಲು ಹಿಂಡಿಯಲ್ಲಿ ನಿಂತು, ಹಸುವಿನ ಹೊಟ್ಟೆ ಸೇರಿ, ಹಾಲಿಗೂ ಇಳಿಯುತ್ತದೆ. ಪಳಗಿದ ಕೈಯವರು ಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡುತ್ತಾರೆ: ಒಣಗಿದ್ದರೆ ಬೀಜ ಗಲಗಲ ಎನ್ನುತ್ತದೆ. ಮುಗ್ಗಲು ಬೀಜವನ್ನು ಆರಿಸಿ ತೆಗೆಯುವ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟುವವರೇ ಕಡಿಮೆ. ನಾವು ತಿನ್ನುವ ಎಣ್ಣೆ ಶುದ್ಧವಾಗಿರುವುದರಲ್ಲಿ ಅವರ ಪಾಲು ದೊಡ್ಡದು.

ಗಾಣದ ಎಣ್ಣೆ ಕೊಳ್ಳಲು ಹೋದಾಗ ಮೊದಲು ಬೀಜದ ಚೀಲ ಬಿಚ್ಚಿಸಿ ನೋಡಿ. ಕಪ್ಪಾದ, ಸುಕ್ಕುಗಟ್ಟಿದ, ಮುಗ್ಗಲು ನಾತದ ಬೀಜ ಕಂಡರೆ ಅಲ್ಲಿ ಎಣ್ಣೆ ಕೊಳ್ಳಬೇಡಿ.