ಟಾನ್ಸಿಲ್ ತೆಗೆದ ಮೂರನೆಯ ದಿನ

ಆಪರೇಷನ್ ಆದ ಸಂಜೆಯೇ ಮಗು ಐಸ್‌ಕ್ರೀಂ ತಿಂದದ್ದು ನೋಡಿ ಮನೆಯವರು ನಿರಾಳವಾಗುತ್ತಾರೆ. ಮೂರನೆಯ ದಿನ ಅದೇ ಮಗು ನೀರಿನ ಲೋಟ ಕಂಡರೆ ಮುಖ ತಿರುಗಿಸುತ್ತದೆ, ಕಿವಿ ಹಿಡಿದುಕೊಂಡು ಅಳುತ್ತದೆ.

ಟಾನ್ಸಿಲ್ ನೋವಿನ ಸ್ವಭಾವವೇ ಹೀಗೆ. ತೆಗೆದ ಜಾಗವನ್ನು ಸಾಮಾನ್ಯವಾಗಿ ಹೊಲಿಗೆ ಹಾಕಿ ಮುಚ್ಚುವುದಿಲ್ಲ; ತೆರೆದ ಗಾಯ ತಾನಾಗಿ ಮಾಯಬೇಕು. ಪ್ರತಿ ಗುಟುಕಿಗೂ ಅದರಡಿಯ ಸ್ನಾಯು ಬಿಗಿಯುತ್ತದೆ. ಗಂಟಲಿನ ನೋವನ್ನು ಮಿದುಳಿಗೆ ಒಯ್ಯುವ ನರದ ಕವಲು ಕಿವಿಗೂ ಹೋಗಿರುವುದರಿಂದ ಕಿವಿಯೂ ನೋಯುತ್ತದೆ. ಗಾಯದ ಮೇಲೆ ಕಾಣುವ ಬಿಳಿ ಪೊರೆ ಕೀವಲ್ಲ.

ನೋವಿಗೆ ಹೆದರಿ ಮಗು ಕುಡಿಯುವುದನ್ನು ಬಿಟ್ಟರೆ ಗಂಟಲು ಒಣಗಿ ನೋವು ಹೆಚ್ಚುತ್ತದೆ. ಅದಕ್ಕೇ ಅಳು ಬರುವವರೆಗೆ ಕಾಯದೆ, ಮೊದಲ ಕೆಲವು ದಿನ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಔಷಧಿ ಕೊಡಬೇಕು. ಸುಮ್ಮನಿರುವ ಮಗುವಿಗೆ ನೋವಿಲ್ಲ ಎನ್ನುವಂತಿಲ್ಲ. ಮಾತು ಬಾರದ ಮಕ್ಕಳಿಗಾಗಿ ಆಸ್ಪತ್ರೆಗಳಲ್ಲಿ ‘ಫ್ಲಾಕ್’ ಎಂಬ ಅಳತೆಯಿದೆ: ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಬರುವ ರೀತಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ.

ಯಾವ ಔಷಧಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದುಬಾರಿ ಬೆಲೆ ತೆತ್ತು. ಹಿಂದೆ ಅನೇಕ ದೇಶಗಳಲ್ಲಿ ಕೋಡೀನ್ ಸಿರಪ್ ಬರೆದುಕೊಡುವುದು ವಾಡಿಕೆಯಾಗಿತ್ತು. ಕೋಡೀನ್ ತಾನಾಗಿ ಹೆಚ್ಚೇನೂ ಮಾಡುವುದಿಲ್ಲ; ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಫಿನ್ ಆಗಿ ಬದಲಿಸಬೇಕು. ಕೆಲವರಲ್ಲಿ ಆ ಕಿಣ್ವದ ವಂಶವಾಹಿ ಹೆಚ್ಚುವರಿಯಾಗಿದ್ದು, ಮಾರ್ಫಿನ್ ಮಿತಿಮೀರಿ ತಯಾರಾಗುತ್ತದೆ. ಕೆನಡಾದ ಎರಡು ವರ್ಷದ ಬಾಲಕನೊಬ್ಬ ವೈದ್ಯರು ಹೇಳಿದ ಪ್ರಮಾಣದಲ್ಲೇ ಕೋಡೀನ್ ಕುಡಿದು ಮನೆಯಲ್ಲಿ ತೀರಿಕೊಂಡ. 2009ರಲ್ಲಿ ಈ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿತ್ತು. ಅಂಥ ಮಕ್ಕಳ ಉಸಿರಾಟವನ್ನು ಮಾರ್ಫಿನ್ ಸುಲಭವಾಗಿ ಕುಗ್ಗಿಸುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಮಕ್ಕಳಿಗೆ ಕೋಡೀನ್ ಕೂಡದೆಂದಿತು. 2017ರಲ್ಲಿ ಟ್ರಮಡಾಲ್ ಕೂಡ ಆ ಪಟ್ಟಿಗೆ ಸೇರಿತು.

ಈಗಿನ ಆಧಾರ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್. ಐಬುಪ್ರೊಫೆನ್‌ನಿಂದ ರಕ್ತಸ್ರಾವವಾದೀತೆಂಬ ಅಳುಕು ವೈದ್ಯರಲ್ಲೂ ಇತ್ತು. ಆದರೂ ಅಮೆರಿಕದ ಗಂಟಲು ತಜ್ಞರ 2019ರ ಮಾರ್ಗಸೂಚಿ ಇವೆರಡನ್ನೂ ಶಿಫಾರಸು ಮಾಡುತ್ತದೆ. ಪ್ರಮಾಣ ನಿರ್ಧಾರವಾಗುವುದು ವಯಸ್ಸಿಗಿಂತ ತೂಕದ ಮೇಲೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಎರಡೂ ಔಷಧಿ ಬೆರೆತ ಸಿರಪ್‌ಗಳೂ ಇವೆ. ಲೇಬಲ್ ಓದದೆ ಕೊಟ್ಟರೆ ಪ್ರಮಾಣ ದುಪ್ಪಟ್ಟಾದೀತು. ಆಸ್ಪಿರಿನ್ ಮಾತ್ರ ಬೇಡವೇ ಬೇಡ.

ಎಳನೀರು, ತಣ್ಣನೆಯ ಗಂಜಿ, ಮಜ್ಜಿಗೆ, ಮಗುವಿಗೆ ಒಗ್ಗಿದ್ದನ್ನು ಗುಟುಕು ಗುಟುಕಾಗಿ ಕೊಡುತ್ತಿರಬೇಕು. ಮೂತ್ರ ಕಡಿಮೆಯಾದರೆ ವೈದ್ಯರಿಗೆ ತಿಳಿಸಬೇಕು. ಸುಮಾರು ಐದರಿಂದ ಹತ್ತನೆಯ ದಿನದೊಳಗೆ ಬಿಳಿ ಪೊರೆ ಕಳಚುವಾಗ ಬಾಯಲ್ಲಿ ಕೆಂಪು ರಕ್ತ ಕಂಡರೆ, ನಡುರಾತ್ರಿಯಾದರೂ ಸರಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.